ಐತಾರದ ಶರಬತ್ತು

ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ಆಡಿದ ಗೆಳೆಯ, ಎಲ್ಲರೆದುರಿಗೆ, ಚಹಾದ ಲೋಟವನ್ನೂ ಕೆಳಗಿಡದೆ ಆ ಮಾತು ಆಡಿಬಿಟ್ಟ.

“ಲೇ ಶಿವ್ಯಾ, ಈ ಐತಾರ ಆಸೀಮ್ ನಿನಗ ಸವಾಲ್ ಹಾಕ್ಯಾನ. ಗೆದ್ದಾಂವ ನನ್ನ ಜೋಡಿ ಮಸ್ಕಿಗೆ ಬರ್ತಾನ,” ಎಂದ ನಾಸೀರ್. ಆಮೇಲೆ ದನಿ ಇಳಿಸಿ ಸೇರಿಸಿದ: “ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಕಾಲು ಮೊದ್ಲಿನಂಗ ಓಡವಲ್ಲವು.”

ಬೇಸರ ಮಾಡಿಕೊಳ್ಳಬಾರದಂತೆ. ಶಿವಪ್ರಸಾದ ನಕ್ಕ. “ಆಗ್ಲಿ ಬಿಡು, ಆಡಮ,” ಎಂದ. ಅಷ್ಟು ಜನರ ನಡುವೆ ನಗುವುದು ಬಿಟ್ಟು ಬೇರೇನು ಮಾಡಬೇಕಿತ್ತು? ಮನೆಗೆ ಬಂದು ಸ್ನಾನ ಮಾಡುವಾಗಲೂ ಅದೇ ಮಾತು, ರೊಟ್ಟಿ ಮುರಿಯುವಾಗಲೂ ಅದೇ ಮಾತು.

ಸಿಂಧನೂರಿನ ಕಾಲುವೆ ಕಾಲನಿಯ ಹಿಂದೆ ಒಂದು ಟೆನಿಸ್ ಕೋರ್ಟು ಇದೆ. ಕಾಲುವೆ ಕಟ್ಟಿಸಲು ಬಂದಿದ್ದ ಎಂಜಿನಿಯರುಗಳು ಸಂಜೆಯ ಹೊತ್ತು ಹೋಗಲೆಂದು ಮಾಡಿಸಿಕೊಂಡದ್ದು. ಅವರು ರಿಟೈರಾಗಿ ತಮ್ಮ ತಮ್ಮ ಊರಿಗೆ ಹೋದರು. ಕೆಂಪು ಮೊರಮಿನ ಕೋರ್ಟು, ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ ಇಲ್ಲೇ ಉಳಿದವು. ಈಗ ರೈಸ್ ಮಿಲ್ಲಿನವರು, ವಕೀಲರು, ಕಾಲೇಜಿನ ಮೇಷ್ಟ್ರುಗಳು ಸೇರಿ ಕ್ಲಬ್ಬು ನಡೆಸುತ್ತಾರೆ. ವಾರವೆಲ್ಲ ಬೆಳಿಗ್ಗೆ ಚೇಷ್ಟೆ ಮಾಡುತ್ತ, ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ಆಡಿಕೊಳ್ಳುತ್ತ ಆಟ. ಐತಾರ, ಅಂದರೆ ಭಾನುವಾರ, ಮಾತ್ರ ಸವಾಲಿನ ದಿನ. ಅವತ್ತು ಯಾರ ಜಾಗಕ್ಕೆ ಯಾರು ಬೇಕಾದರೂ ಸವಾಲು ಹಾಕಬಹುದು, ಹಾಕಿಸಿಕೊಂಡವನು ಒಂದು ಸೆಟ್ಟು ಆಡಲೇಬೇಕು. ವರ್ಷಕ್ಕೊಮ್ಮೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿನ ಕ್ಲಬ್ಬುಗಳು ಜೋಡಿ ಆಟದ ಒಂದು ಕಪ್ಪಿಗಾಗಿ ಸೆಣಸುತ್ತವೆ. ಈ ಸಲ ಮಸ್ಕಿಯಲ್ಲಿ. ಹಿತ್ತಾಳೆಯ ಕಪ್ಪು, ಒಂದು ಹಿಡಿಕೆ ಮುರಿದು ಬೆಸುಗೆ ಹಾಕಿಸಿದ್ದಾರೆ. ಹೊರಗಿನವರು ನೋಡಿದರೆ ನಗುತ್ತಾರೆ.

ಶಿವಪ್ರಸಾದ ಈ ವಿಷಯಕ್ಕೆ ನಗುವವನಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಅವನ ಔಷಧಿ ಅಂಗಡಿ. ಆ ಸಾಲಿನಲ್ಲಿ ಅಂಥ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಜವಳಗೇರಾದಿಂದ, ವಳಕಮದಿನ್ನಿಯಿಂದ ಬಂದು ಬಸ್ಸಿಳಿದವರು ‘ಟೆನಿಸ್ ಸಾಹೇಬ್ರ ಅಂಗಡಿ ಯಾವ್ದು’ ಎಂದು ಕೇಳಿಕೊಂಡು ಬರುವುದು ಅವನಲ್ಲಿಗೆ. ಗಲ್ಲಾದ ಹಿಂದಿನ ಗೋಡೆಯ ಮೇಲೆ ದೊಡ್ಡ ಫೋಟೋ: ಅವನೂ ನಾಸೀರನೂ ಕಪ್ಪಿನ ಒಂದೊಂದು ಹಿಡಿಕೆ ಹಿಡಿದು ನಿಂತದ್ದು. ಆ ಫೋಟೋ ಇಲ್ಲದಿದ್ದರೆ ತಾನು ಪಟ್ಟಿ ಕತ್ತರಿಸಿ ಗುಳಿಗೆ ಕೊಡುವ ಇನ್ನೊಬ್ಬ ಅಂಗಡಿಕಾರ, ಅಷ್ಟೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬರುವ ವರ್ಷದ ಫೋಟೋದಲ್ಲಿ ತನ್ನ ಜಾಗದಲ್ಲಿ ಆಸೀಮ್ ನಿಂತಿರುತ್ತಾನೆ ಎಂದು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಆ ಆಸೀಮನ ಮೇಲೆ ಸಿಟ್ಟು ಮಾಡಲು ಒಂದು ಸರಿಯಾದ ಕಾರಣವಾದರೂ ಸಿಗಬೇಕಲ್ಲ. ಲಿಂಗಸುಗೂರಿನವನು, ಕಾಲೇಜಿಗೆ ಮೇಷ್ಟ್ರಾಗಿ ಬಂದು, ತಾಯಿ ಹಸೀನಾಬೀಯನ್ನೂ ಕರೆತಂದು ಕಾಲನಿಯ ಹತ್ತಿರವೇ ಮನೆ ಮಾಡಿದ್ದ. ಎದುರಾದರೆ ಕೈಯೆತ್ತಿ ‘ಅಣ್ಣಾರ’ ಎನ್ನುತ್ತಿದ್ದ. ಐತಾರ ದೊಡ್ಡವರ ಆಟ ಮುಗಿದ ಮೇಲೆ ಊರಿನ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಪುಕ್ಕಟೆ ಕಲಿಸುತ್ತಿದ್ದ. ಶಿವಪ್ರಸಾದನ ಮಗಳು ದೀಪಿಕಾ, ನಾಸೀರನ ಕಿರಿಯ ಮಗಳು ಶಾಜಿಯಾ ಇಬ್ಬರೂ ಆ ಗುಂಪಿನಲ್ಲಿದ್ದರು. ದೀಪಿಕಾ ಚೆನ್ನಾಗಿ ಆಡುತ್ತಾಳೆಂದು ಜನ ಹೇಳುತ್ತಿದ್ದರು. ಅವನು ನೋಡಿರಲಿಲ್ಲ. ತನ್ನ ಆಟ ಮುಗಿದ ಕೂಡಲೇ ಅಂಗಡಿ ತೆಗೆಯಲು ಓಡಬೇಕಿತ್ತು.

ಉಪಾಯ ಹೊಳೆದದ್ದು ಹಸೀನಾಬೀಯಿಂದಲೇ. ಮಂಗಳವಾರ ಮುದುಕಿ ಎಂದಿನಂತೆ ತಿಂಗಳ ಶುಗರ್ ಗುಳಿಗೆ ಒಯ್ಯಲು ಬಂದಳು. ಯಾವುದು, ಎಷ್ಟು ಎಂದು ಕೇಳುವುದೇ ಬೇಕಿರಲಿಲ್ಲ. ಅವನ ಕೈಗೆ ಅದು ರೂಢಿಯಾಗಿತ್ತು. ಬಿಸಿಲಲ್ಲಿ ಬಂದಿದ್ದಾಳೆಂದು ಪಕ್ಕದ ಹೋಟೆಲಿನಿಂದ ಚಹಾ ತರಿಸಿಕೊಟ್ಟ. ಆ ಗಟ್ಟಿ ಸಕ್ಕರೆಯ ಚಹಾವನ್ನು ಆಕೆ ಕೊನೆಯ ಗುಟುಕಿನವರೆಗೂ ಸವಿದು ಕುಡಿದಳು. ವಯಸ್ಸಾದವರು ಯಾರ ಮಾತು ಕೇಳುತ್ತಾರೆ ಎಂದುಕೊಂಡು ಅವನು ಸುಮ್ಮನಾದ.

“ಐತಾರ ನನ್ ಮಗನ ಕೂಡ ನಿಂದು ಆಟ ಐತಂತಲ್ಲ ಬೇಟಾ,” ಎಂದಳು ಆಕೆ. “ಐತಾರ ಬಂತಂದ್ರ ನನಗೊಂದು ಕೆಲಸ ನೋಡು. ಶರಬತ್ ಮಾಡಿಕೊಡು ಅಂತ ಗಂಟುಬೀಳ್ತಾನ. ಸಬ್ಜಾ ಹಾಕು, ಸಿಹಿ ಜಾಸ್ತಿ ಹಾಕು ಅಂತಾನ. ಫ್ಲಾಸ್ಕ್ ತುಂಬಿ ಕೊಟ್ರ ಒಂದು ಹನಿ ತಿರುಗಿ ಬರಂಗಿಲ್ಲ.”

ಆಕೆ ಹೋದರೂ ಆ ಮಾತು ಹೋಗಲಿಲ್ಲ. ಆ ಹಸಿರು ಫ್ಲಾಸ್ಕನ್ನು ಅವನು ಎಷ್ಟೋ ಸಲ ನೋಡಿದ್ದ. ಆಸೀಮ್ ಬಂದವನೇ ಅದನ್ನು ಶೆಡ್ಡಿನೊಳಗೆ, ನೀರಿನ ಗಡಿಗೆಯ ಮೇಲಿನ ಮೊಳೆಗೆ ನೇತುಹಾಕುತ್ತಿದ್ದ. ಆಟದ ನಡುವೆ ಬದಿ ಬದಲಿಸುವಾಗಲೆಲ್ಲ ಒಳಗೆ ಹೋಗಿ, ಹೊರಗೆ ಬೆನ್ನು ಮಾಡಿ ನಿಂತು, ಕತ್ತೆತ್ತಿ ಕುಡಿದು ಬರುತ್ತಿದ್ದ. ಆಮೇಲೆ ಬಿಸಿಲೇರಿದ ಮೇಲೆ ಅಂಗಡಿಯ ಮುಂದೆ ಬೈಕಿನಲ್ಲಿ ಹಾಯುವಾಗ ಅದೇ ಫ್ಲಾಸ್ಕು ಹ್ಯಾಂಡಲಿನಲ್ಲಿ ಹಗುರಾಗಿ ಓಲಾಡುತ್ತಿತ್ತು. ಅಂದರೆ ಸಾಕ್ಷಿಯನ್ನು ಕುಡಿದು ಮುಗಿಸುವವನೂ ಅವನೇ, ಮನೆಗೆ ಒಯ್ದು ತೊಳೆಸುವವನೂ ಅವನೇ. ಇಂಥ ಅನುಕೂಲ ಹುಡುಕಿದರೂ ಸಿಗುವುದಿಲ್ಲ ಎನ್ನಿಸಿತು.

ವಿಷದ ಮಾತೇ ಇಲ್ಲ. ಛೆ, ಅವನೇನು ಕೊಲೆಗಾರನೇ? ನೆಗಡಿಗೆ ಕೊಡುವ ಹಳೆಯ ಕಾಲದ ಗುಳಿಗೆಯೊಂದಿದೆ. ತಿಂದವರಿಗೆ ಕಣ್ಣು ಎಳೆಯುತ್ತದೆ, ಕಾಲು ಭಾರವಾಗುತ್ತದೆ. ಈಗ ಅದನ್ನು ಕೇಳುವವರೇ ಕಡಿಮೆ. ದಿನ ಮೀರಿದ ಪಟ್ಟಿಗಳು ಕಂಪನಿಗೆ ವಾಪಸು ಕಳಿಸುವ ಡಬ್ಬಿಯಲ್ಲಿ ಬಿದ್ದಿದ್ದವು. ಅಲ್ಲಿಂದ ಒಂದಿಷ್ಟು ತೆಗೆದರೆ ಅಂಗಡಿಯ ಮಾಲಿನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಆಸೀಮ್ ಎರಡು ಸಲ ಆಕಳಿಸುತ್ತಾನೆ, ಚೆಂಡಿಗೆ ತಡವಾಗಿ ಹೋಗುತ್ತಾನೆ, ಸೋಲುತ್ತಾನೆ, ಮನೆಗೆ ಹೋಗಿ ಮಲಗುತ್ತಾನೆ. ರಾತ್ರಿಯೆಲ್ಲ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿರಬೇಕು ಎಂದು ಜನ ಮಾತಾಡಿಕೊಳ್ಳುತ್ತಾರೆ.

ಉಳಿದದ್ದು ಕೈಚಳಕ. ಅದಕ್ಕೂ ಕ್ಲಬ್ಬಿನ ಪದ್ಧತಿಯೇ ದಾರಿ ಮಾಡಿಕೊಟ್ಟಿತ್ತು. ಎಂಜಿನಿಯರುಗಳ ಕಾಲದಿಂದ ಬಂದ ಕಟ್ಟಳೆ: ಸವಾಲಿನ ದಿನ ಆಡುವ ಇಬ್ಬರೇ ಕೋರ್ಟು ಸಜ್ಜು ಮಾಡಬೇಕು. ಕಿರಿಯವನು ಒದ್ದೆ ಗೋಣಿಚೀಲ ಎಳೆದು ನೆಲ ಸಮ ಮಾಡುತ್ತಾನೆ. ಹಿರಿಯವನು ಶೆಡ್ಡಿನಿಂದ ಸುಣ್ಣದ ಪುಡಿ ತಂದು ಗೆರೆ ಎಳೆಯುತ್ತಾನೆ. ಗೆರೆಯ ಮೇಲೆ ಆಮೇಲೆ ತಕರಾರು ಬರಬಾರದೆಂದು ಹೀಗೆ. ಆಸೀಮ್ ಬಗ್ಗಿ ಗೋಣಿ ಎಳೆಯುತ್ತಿರುವಾಗ ಶಿವಪ್ರಸಾದ ಶೆಡ್ಡಿನೊಳಗೆ ಒಬ್ಬನೇ ಇರುತ್ತಾನೆ. ಕೈಗೆ ಬಿಳಿ ಪುಡಿ ಅಂಟಿದ್ದರೂ ಕೇಳುವವರಿಲ್ಲ, ನೆಲಕ್ಕೆ ನಾಲ್ಕು ಕಾಳು ಉದುರಿದರೂ ನೋಡುವವರಿಲ್ಲ. ಸುಣ್ಣ ತುಂಬಿಕೊಳ್ಳಲು ಹೋದವನ ಕೈ ಬೆಳ್ಳಗಿರದೆ ಮತ್ತೇನು? ಇದು ಹೊಳೆದಾಗ ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಮೆಚ್ಚುಗೆಯಾಯಿತು. ಮರುಗಳಿಗೆಯೇ ಯಾಕೋ ಎದ್ದು ಕೈ ತೊಳೆದುಕೊಂಡು ಬಂದ.

ಶುಕ್ರವಾರ ಆಸೀಮನೇ ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೆ ಬದಿಗೆ ನಿಂತಿದ್ದು, ಆಮೇಲೆ ಗಲ್ಲಾದ ಹತ್ತಿರ ಬಂದ.

“ಅಣ್ಣಾರ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಈ ಸವಾಲ್ ನಾಸೀರಣ್ಣ ಹಾಕು ಅಂದದ್ದಕ್ಕ ಹಾಕೀನಿ. ನಿಮ್ಮ ಮನಸಿಗೆ ಇಲ್ಲಂದ್ರ ಹಿಂದಕ ತಗೋತೀನ್ರಿ. ಮುಂದಿನ ವರ್ಷ ಆಡಿದ್ರಾತು.”

ಒಂದು ಗಳಿಗೆ ಶಿವಪ್ರಸಾದನಿಗೆ ಉಸಿರು ಸಡಿಲವಾಯಿತು. ‘ಹಂಗಽ ಮಾಡಪ್ಪ’ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಹುಡುಗನ ಕಣ್ಣಿನಲ್ಲಿ ಕಂಡದ್ದು ಕರುಣೆ. ಗೋಡೆಯ ಮೇಲಿನ ಫೋಟೋದ ಕೆಳಗೆ ನಿಂತು ಬೇರೆಯವರ ಕರುಣೆ ತಿನ್ನುವುದು ಅವನಿಂದಾಗಲಿಲ್ಲ.

“ನಾಚಿಕಿ ಇಲ್ಲೇನಪ ನನಗ? ಆಡಮ. ಮೈದಾನದಾಗ ನೋಡಮ,” ಎಂದ.

“ಆಯ್ತ್ರಿ ಅಣ್ಣಾರ,” ಎಂದು ಆಸೀಮ್ ಕೈಮುಗಿದು ಹೋದ. ಅವನು ಕೈಮುಗಿದದ್ದು ಶಿವಪ್ರಸಾದನಿಗೆ ಆ ಸಂಜೆಯೆಲ್ಲ ಚುಚ್ಚುತ್ತಲೇ ಇತ್ತು.

ಶನಿವಾರ ಮಧ್ಯಾಹ್ನ, ಸಂತೆಕಲ್ಲೂರಿನ ಕಡೆಯ ಬಸ್ಸು ಹೋಗಿ ಸಾಲೆಲ್ಲ ಖಾಲಿಯಾದ ಹೊತ್ತಿನಲ್ಲಿ, ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಗುಳಿಗೆಗಳನ್ನು ನುಣ್ಣಗೆ ಅರೆದ. ಕಾಗದದಲ್ಲಿ ಮಡಚುತ್ತಿರುವಾಗ ದೀಪಿಕಾ ಊಟದ ಡಬ್ಬಿ ಹಿಡಿದು ಬಂದು ಹಿಂದೆ ನಿಂತಳು. ಅವನು ಕಾಗದದ ಮೇಲೆ ಅಂಗೈ ಮುಚ್ಚಿದ. ಆದರೆ ಅಪ್ಪ ಪುಡಿ ಮಡಚುವುದು ಅವಳಿಗೇನೂ ಹೊಸದಲ್ಲ.

“ಅಪ್ಪಾ, ನಾಳೆ ನಂದೂ ಶಾಜಿಯಾಂದೂ ಆಟ ಐತಿ. ನೋಡಾಕ ಬರ್ತೀ?”

“ಅಂಗಡಿ ಯಾರ್ ತೆಗೀತಾರವ್ವಾ?”

“ಸ್ವಲ್ಪ ಹೊತ್ತು ನಿಂತು ಹೋಗು. ಒಂದಿನಾನೂ ನೋಡಿಲ್ಲ ನೀ.”

“ನೋಡಮ,” ಎಂದ. ಅವಳು ಅಷ್ಟಕ್ಕೇ ಹೋಗಲಿಲ್ಲ. ಡಬ್ಬಿ ಬಿಚ್ಚಿಡುತ್ತ ಇನ್ನೂ ಏನೇನೋ ಹೇಳುತ್ತಿದ್ದಳು: ಹೋದ ವಾರ ಶಾಜಿಯಾ ಗೆದ್ದದ್ದು, ಅದಕ್ಕೆ ಈ ವಾರ ತನ್ನ ಲೋಟವೇ ಮೊದಲು ಎಂದು ಜಗಳ ತೆಗೆದದ್ದು. ಮಕ್ಕಳ ಪಂಚಾಯಿತಿ. ಅವನು ಹೂಂ ಎನ್ನುತ್ತ ಕಾಗದದ ಮಡಿಕೆಯನ್ನು ಉಗುರಿನಿಂದ ತಿಕ್ಕಿ ತಿಕ್ಕಿ ಗಟ್ಟಿ ಮಾಡಿದ.

ಐತಾರ ಬೆಳಿಗ್ಗೆ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕ್ಲಬ್ಬಿನವರೆಲ್ಲ ಕೂತಿದ್ದರು. ಮಂಡಾಳ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣಗಳು ಆಗಲೇ ಬಂದಿದ್ದವು. ಆಸೀಮ್ ಗೋಣಿಚೀಲ ಒದ್ದೆ ಮಾಡಿಕೊಂಡು ಆ ತುದಿಯಿಂದ ಎಳೆಯತೊಡಗಿದ. ಶಿವಪ್ರಸಾದ ಶೆಡ್ಡಿಗೆ ನಡೆದ. ಮೊಳೆಯ ಮೇಲೆ ಫ್ಲಾಸ್ಕು. ಮುಚ್ಚಳ ತಿರುಗಿಸಿದರೆ ಗುಲಾಬಿಯ ಘಮ. ಮಗನಿಗಾಗಿ ಮುದುಕಿ ನಸುಕಿನಲ್ಲೇ ಎದ್ದಿರಬೇಕು. ಆ ಘಮಕ್ಕೆ ಅವನ ಕೈ ತಡೆಯಿತು. ಹೊರಗೆ ಯಾರೋ ಏನೋ ಹೇಳಿದರು, ನಾಸೀರ್ ದೊಡ್ಡದಾಗಿ ನಕ್ಕ. ಆ ನಗು ಕೇಳಿದ್ದೇ ಕೈ ತಾನಾಗಿ ಕಾಗದ ಬಿಡಿಸಿತು. ಪುಡಿ ಒಳಗೆ ಹೋಯಿತು. ಮುಚ್ಚಳ ಬಿಗಿದು ಅಲುಗಾಡಿಸಿ ಮತ್ತೆ ಮೊಳೆಗೆ ಹಾಕಿದ. ಸುಣ್ಣದ ಡಬ್ಬಿ ಹಿಡಿದು ಹೊರಗೆ ಬಂದು, ಅಂಕುಡೊಂಕಿಲ್ಲದಂತೆ ಗೆರೆ ಎಳೆದ.

“ನಿನ್ನ ಕೈ ಮಾತ್ರ ಇನ್ನೂ ನಡುಗವಲ್ಲದು ನೋಡಲೇ,” ಎಂದ ನಾಸೀರ್.

ಆಟ ಶುರುವಾಯಿತು. ಬದಿ ಬದಲಿಸುವಾಗ ಆಸೀಮ್ ಶೆಡ್ಡಿನೊಳಗೆ ಹೋಗಿ, ಬೆನ್ನು ಮಾಡಿ ನಿಂತು, ಕತ್ತೆತ್ತಿ ಕುಡಿದು ಬಂದ. ಇನ್ನೇನು ಬಿದ್ದ, ಇನ್ನೇನು ಕಾಲು ಎಳೆದ ಎಂದು ಶಿವಪ್ರಸಾದ ಕಾಯತೊಡಗಿದ. ಕಾಯುವವನಿಗೆ ಚೆಂಡು ಎಲ್ಲಿ ಕಾಣಬೇಕು? ಒಂದೆರಡು ಸುಲಭದ ಚೆಂಡುಗಳನ್ನು ಬಲೆಗೆ ಹೊಡೆದ. ಮತ್ತೆ ಬದಿ ಬದಲು, ಮತ್ತೆ ಆಸೀಮ್ ಶೆಡ್ಡಿಗೆ, ಮತ್ತೆ ಕುಡಿತ. ಈಗ ಗೆಲುವಿಗಿಂತ ಬೇರೆಯದೇ ಚಿಂತೆ ಅವನನ್ನು ಹಿಡಿಯಿತು. ಈ ಬಿಸಿಲಿನಲ್ಲಿ ಹುಡುಗ ಕುಸಿದು ಬಿದ್ದರೆ? ಅಂದಾಜು ತಪ್ಪಿ ಪುಡಿ ಹೆಚ್ಚಾಗಿದ್ದರೆ? ಹಸೀನಾಬೀ ಅಂಗಡಿಗೆ ಬಂದು ಎದುರು ನಿಂತರೆ ಯಾವ ಮುಖ ತೋರಿಸಲಿ?

ಆಗಲೇ ಅವನು ಹೊಡೆದ ಚೆಂಡೊಂದು ದೂರದ ಮೂಲೆಯಲ್ಲಿ ಬಿತ್ತು. ಎಲ್ಲರೂ ಹೊರಗೆ ಎಂದರು. ಅಂಪೈರ್ ಕುರ್ಚಿಯಲ್ಲಿದ್ದ ವಕೀಲರೂ ಹೊರಗೆ ಎಂದು ಕೈ ತೋರಿಸಿದರು. ಆಸೀಮ್ ಮಾತ್ರ ಬಗ್ಗಿ, ಮೊರಮಿನಲ್ಲಿ ಮೂಡಿದ ಗುರುತನ್ನು ರ್‍ಯಾಕೆಟ್ಟಿನ ತುದಿಯಿಂದ ತೋರಿಸಿದ.

“ಗೆರಿ ಮ್ಯಾಲ ಬಿದ್ದೈತ್ರಿ. ಸುಣ್ಣ ಹಾರೈತಿ, ನೋಡ್ರಿ. ಪಾಯಿಂಟ್ ಅಣ್ಣಾರದು.”

ಶಿವಪ್ರಸಾದನಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಆ ಪಾಯಿಂಟು ಸಿಕ್ಕಮೇಲೆ ಅವನು ಒಂದೇ ಒಂದು ಗೇಮನ್ನೂ ಗೆಲ್ಲಲಿಲ್ಲ. ಆಸೀಮನ ಕಾಲುಗಳು ಕೊನೆಯವರೆಗೂ ಜಿಂಕೆಯ ಹಾಗೆ ಓಡಿದವು.

ಸೋತ. ಬಲೆಯ ಹತ್ತಿರ ಹೋಗಿ ಕೈ ಕುಲುಕಿದ. ವಿಚಿತ್ರವೆಂದರೆ, ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ದಿನ ಮೀರಿದ ಗುಳಿಗೆ, ಸತ್ತು ಹೋಗಿರಬೇಕು. ಸುಣ್ಣಕ್ಕೂ ಅದಕ್ಕೂ ಏನು ವ್ಯತ್ಯಾಸ ಉಳಿದಿರುತ್ತದೆ? ಹುಡುಗ ಅಷ್ಟು ಕುಡಿದೂ ಕಲ್ಲುಗುಂಡಿನಂತೆ ನಿಂತಿದ್ದಾನೆ. ದೇವರು ದೊಡ್ಡವನು. ಮಾಡಿದ್ದು ಮಾಡಿದ್ದೇ, ಆದರೆ ಯಾರಿಗೂ ಏನೂ ಆಗಲಿಲ್ಲ. ಮಸ್ಕಿಗೆ ಆಸೀಮನೇ ಹೋಗಲಿ. ಫೋಟೋದ ಪಕ್ಕದಲ್ಲಿ ಅವನದೂ ಒಂದು ಫೋಟೋ ಹಾಕಿದರಾಯಿತು. ಇನ್ನು ಜನ್ಮದಲ್ಲಿ ಇಂಥ ಬುದ್ಧಿ ಬಾರದಿರಲಿ ಎಂದು ಒಳಗೊಳಗೇ ಕೈಮುಗಿದ. ಹುಡುಗನ ಹೆಗಲು ತಟ್ಟಿ, “ಚಂದ ಆಡಿದೆಪಾ,” ಎಂದಾಗ ಅದು ಬಾಯಿಮಾತಾಗಿರಲಿಲ್ಲ.

“ಅಂಗಡಿಗಿ ಓಡಬ್ಯಾಡಲೇ ಇವತ್ತು,” ಎಂದು ನಾಸೀರ್ ಅವನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂಡಿಸಿದ. “ನಿನ್ ಮಗಳ ಆಟ ನೋಡು. ನಿನಗಿಂತ ಪಾಡ ಆಡ್ತಾಳ.”

ಅವನು ಕೂತ. ಬಜ್ಜಿಯನ್ನೂ ತಿಂದ, ಈ ವಾರದಲ್ಲಿ ಮೊದಲ ಸಲ ನಾಲಗೆಗೆ ರುಚಿ ಹತ್ತಿತು. ಅಷ್ಟರಲ್ಲಿ ಗೇಟಿನಿಂದ ಹುಡುಗಿಯರು ಗುಂಪಾಗಿ ಬಂದರು. ಪ್ರತಿಯೊಬ್ಬಳ ಕೈಯಲ್ಲೂ ಮನೆಯಿಂದ ತಂದ ಒಂದೊಂದು ಸ್ಟೀಲ್ ಲೋಟ. ಅಪ್ಪ ಕೂತದ್ದನ್ನು ನೋಡಿ ದೀಪಿಕಾ ನಿಂತಲ್ಲೇ ನಿಂತಳು, ಮುಖವೆಲ್ಲ ನಗುವಾಯಿತು. “ಅಪ್ಪಾ, ಹೋಗಬ್ಯಾಡ ಮತ್ತ,” ಎಂದು ಅಲ್ಲಿಂದಲೇ ಕೂಗಿದಳು. ಶಿವಪ್ರಸಾದ ಕೈಯೆತ್ತಿದ. ಆ ಲೋಟಗಳು ಯಾಕೆ ಎಂದು ಅವನಿಗೆ ತಿಳಿಯುವಷ್ಟರಲ್ಲಿ, ಆಸೀಮ್ ಶೆಡ್ಡಿನಿಂದ ಹಸಿರು ಫ್ಲಾಸ್ಕು ತಂದು ಮುಚ್ಚಳ ತೆಗೆದ. ಹುಡುಗಿಯರು ಸಾಲಾಗಿ ನಿಂತರು. ಮೊದಲ ಲೋಟ ಹೋದ ವಾರ ಗೆದ್ದ ಶಾಜಿಯಾಗೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಒಂದೇ ಉಸಿರಿಗೆ ಕುಡಿದು, ಲೋಟದ ತಳದ ಸಬ್ಜಾ ಬೀಜವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಎರಡನೆಯ ಲೋಟ ದೀಪಿಕಾಳದು.

“ಅದು... ಅದು ನಿನ್ನ ಶರಬತ್ ಅಲ್ಲೇನಪಾ ಆಸೀಮಾ?” ಎಂದ ಶಿವಪ್ರಸಾದ. ದನಿ ತನ್ನದಲ್ಲವೆನ್ನಿಸಿತು. “ನೀ ಈಗ ಆಡುವಾಗ ಕುಡೀಲಿಲ್ಲೇನು?”

“ನನಗೆಲ್ಲಿ ಶರಬತ್ ರೀ ಅಣ್ಣಾರ,” ಎಂದು ಆಸೀಮ್ ಸುರಿಯುತ್ತಲೇ ನಕ್ಕ. “ನಾ ಗಡಿಗಿ ನೀರು ಕುಡ್ಯಾಂವ. ಇದು ಐತಾರ ಐತಾರ ಈ ಹುಡುಗ್ಯಾರಿಗೆ. ನನಗ ಶುಗರ್ ಐತಲ್ರಿ. ಅಮ್ಮಿ ನಿಮ್ಮ ಅಂಗಡ್ಯಾಗ ತಿಂಗಳಾ ಒಯ್ಯೋ ಗುಳಿಗಿ ನನ್ನವಽ.” ದೀಪಿಕಾ ಲೋಟವನ್ನು ತುಟಿಗೆ ಎತ್ತಿದಳು. ಕುರ್ಚಿ ಉರುಳಿದ್ದು, ತಾನು ಓಡಿದ್ದು ಅವನಿಗೆ ಗೊತ್ತಾಗಲಿಲ್ಲ. ಲೋಟವನ್ನು ಕಿತ್ತು ನೆಲಕ್ಕೆ ಎಸೆದದ್ದಷ್ಟೇ ಗೊತ್ತು. ಕೆಂಪು ಮೊರಮಿನಲ್ಲಿ ಶರಬತ್ತು ಇಂಗಿತು. ಎಲ್ಲರೂ ಎದ್ದು ನಿಂತಿದ್ದರು. “ಯಾಕಲೇ, ಏನ್ ಬಿದ್ದೈತಿ ಅದರಾಗ?” ಎಂದ ನಾಸೀರ್. ಉತ್ತರ ನಾಲಗೆಯ ತುದಿಯಲ್ಲೇ ಇತ್ತು: ಹಲ್ಲಿ. ಹಲ್ಲಿ ಬಿದ್ದಿತ್ತು, ನಾ ನೋಡಿದೆ. ಅಷ್ಟು ಹೇಳಿದ್ದರೆ ಫ್ಲಾಸ್ಕನ್ನು ಚೆಲ್ಲುತ್ತಿದ್ದರು, ಅವನನ್ನೇ ಹೊಗಳುತ್ತಿದ್ದರು. ಆದರೆ ಅಪ್ಪ ನಾಸೀರನ ಕಾಲಿಗೆ ಒರಗಿ ನಿಂತಿದ್ದ ಶಾಜಿಯಾ ಆ ಹೊತ್ತಿಗೆ ಬಾಯಿ ಒರೆಸಿಕೊಳ್ಳುತ್ತಿದ್ದಳು; ಅವಳ ಲೋಟ ಖಾಲಿಯಾಗಿತ್ತು. ಹಲ್ಲಿ ಎಂದರೆ ಡಾಕ್ಟರು ಹಲ್ಲಿಯ ಮದ್ದು ಕೊಡುತ್ತಾರೆ. ಆಸೀಮ್ ಅದನ್ನು ಕುಡಿದೇ ಇಲ್ಲವೆಂದ ಮೇಲೆ ಗುಳಿಗೆ ಸತ್ತಿರಲಿಕ್ಕಿಲ್ಲ. ಅದು ಯಾವ ಗುಳಿಗೆ ಎಂಬುದು ಅವನೊಬ್ಬನಿಗೇ ಗೊತ್ತು, ಎಷ್ಟು ಹಾಕಿದ್ದೆಂಬುದೂ ಅವನೊಬ್ಬನಿಗೇ ಗೊತ್ತು. ಶಿವಪ್ರಸಾದ ಬಗ್ಗಿ ಆ ಕೂಸನ್ನು ಎತ್ತಿಕೊಂಡ. “ಗಾಡಿ ತೆಗಿ ನಾಸೀರ್, ದವಾಖಾನಿಗೆ ಹೋಗಮ,” ಎಂದ. “ಯಾವ ಗುಳಿಗಿ, ಎಷ್ಟು ಅಂತ ಡಾಕ್ಟರ್ ಕೇಳಿದ್ರ ನಾ ಹೇಳ್ತೀನಿ.”